ಮಿದುಳನ್ನು ಬಿಸುಟವರ ಮೇಲಿನ ಆರೋಪ

ಈಜಿಪ್ಟಿನ ಮಮ್ಮಿಗಳ ಬಗ್ಗೆ ಹೆಚ್ಚೇನೂ ಓದದವರಿಗೂ ಒಂದು ಸಂಗತಿ ಗೊತ್ತಿರುತ್ತದೆ. ಶವ ಕೆಡದಂತೆ ಸಂಸ್ಕರಿಸುವವರು ಮೂಗಿನ ಹೊಳ್ಳೆಯಲ್ಲಿ ಕೊಕ್ಕೆ ತೂರಿಸಿ ಮಿದುಳನ್ನು ಚೂರುಚೂರಾಗಿ ಹೊರಗೆಳೆದು ಬಿಸಾಡುತ್ತಿದ್ದರು, ಹೃದಯವನ್ನು ಮಾತ್ರ ಎದೆಗೂಡಿನಲ್ಲೇ ಜೋಪಾನವಾಗಿ ಉಳಿಸುತ್ತಿದ್ದರು ಎಂಬುದು ಅದು. ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲಿ ಈ ಕಥೆ ಇದೆ. ದೊಡ್ಡವರಿಗಾಗಿ ಬರೆದ ಮಿದುಳಿನ ಪುಸ್ತಕಗಳೂ ಎಷ್ಟೋ ಸಲ ಇದರಿಂದಲೇ ಆರಂಭವಾಗುತ್ತವೆ. ಕಥೆಯ ಬೆನ್ನಿಗೇ ತೀರ್ಪು ಬರುತ್ತದೆ: ಯೋಚಿಸುವುದು, ಪ್ರೀತಿಸುವುದು, ನೆನಪಿಡುವುದು ಎಲ್ಲ ಹೃದಯದ ಕೆಲಸವೆಂದು ಆ ಜನ ತಿಳಿದಿದ್ದರು, ಮಿದುಳಿನ ಬೆಲೆ ಅವರಿಗೆ ಗೊತ್ತಿರಲಿಲ್ಲ, ಧರ್ಮ ಮಾಡಿದ ಆ ತಪ್ಪನ್ನು ವಿಜ್ಞಾನ ಬಂದು ತಿದ್ದಿತು.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಅದು ಮುಂದಿಡುವ ಪುರಾವೆ ಅರೆಬರೆಯದು. ಅದಕ್ಕಿಂತ ದೊಡ್ಡ ದೋಷವೆಂದರೆ, ಆ ಜನ ಕೇಳದೇ ಇದ್ದ ಪ್ರಶ್ನೆಯೊಂದನ್ನು ಅವರ ಬಾಯಿಗೆ ತುರುಕಿ, ಆಮೇಲೆ ಉತ್ತರ ತಪ್ಪಾಯಿತೆಂದು ಅದು ಹೇಳುತ್ತದೆ.

ಮೊದಲು ಶವಗಳನ್ನೇ ವಿಚಾರಿಸೋಣ. ಕೊಕ್ಕೆಯ ಸಂಗತಿ ನಮಗೆ ತಲುಪಿದ್ದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಿಂದ. ಹೃದಯವನ್ನೂ ಮೂತ್ರಪಿಂಡಗಳನ್ನೂ ಒಳಗೇ ಬಿಡುತ್ತಿದ್ದರೆಂದು ಬರೆದವನು ಅವನಿಗಿಂತ ಸುಮಾರು ನಾನೂರು ವರ್ಷ ಈಚಿನ ಡಿಯೊಡೋರಸ್. ಇಬ್ಬರೂ ಹೊರಗಿನವರು, ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಂಡವರು. ಮಿದುಳನ್ನು ತೆಗೆಯುವುದು ಏಕೆ ಎಂಬುದಕ್ಕೆ ಅವರಲ್ಲಿ ಕಾರಣ ಸಿಗುವುದಿಲ್ಲ. ಕಾರಣವನ್ನು ಜೋಡಿಸಿದವರು ನಾವು. 2013ರಲ್ಲಿ ಕೆನಡಾದ ಆಂಡ್ರ್ಯೂ ವೇಡ್ ಮತ್ತು ಆಂಡ್ರ್ಯೂ ನೆಲ್ಸನ್ ಎಂಬ ಸಂಶೋಧಕರು ಸುಮಾರು 150 ಮಮ್ಮಿಗಳ ವಿವರಗಳನ್ನು ಒಟ್ಟಿಗಿಟ್ಟು ನೋಡಿದರು. ಸುಮಾರು ಐದರಲ್ಲೊಂದು ಪಾಲು ಶವಗಳಲ್ಲಿ ಮಿದುಳು ತಲೆಬುರುಡೆಯೊಳಗೇ ಇತ್ತು. ಹೃದಯ ಉಳಿದಿದ್ದದ್ದು ಕಾಲುಭಾಗದಷ್ಟರಲ್ಲಿ ಮಾತ್ರ. ಹದಿನೆಂಟನೆಯ ರಾಜವಂಶದ ಫೇರೋ ಒಂದನೆಯ ಅಮೆನ್‌ಹೊಟೆಪ್‌ನ ಮಮ್ಮಿಯನ್ನು ಬಟ್ಟೆ ಬಿಚ್ಚದೆಯೇ ಸಿ.ಟಿ. ಸ್ಕ್ಯಾನ್ ಮಾಡಿ ಕೈರೋದ ಸಹರ್ ಸಲೀಂ ಮತ್ತು ಜಾಹಿ ಹವಾಸ್ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅರಸನ ಮಿದುಳೂ ಇದ್ದಲ್ಲೇ ಇತ್ತು.

ಮಿದುಳು ತೆಗೆದದ್ದು ತಾತ್ಸಾರದ ಗುರುತಾದರೆ, ಹೃದಯವಿಲ್ಲದ ಮುಕ್ಕಾಲು ಪಾಲು ಶವಗಳನ್ನು ಏನೆಂದು ವಿವರಿಸುವುದು? ಪಿತ್ತಜನಕಾಂಗ, ಶ್ವಾಸಕೋಶ, ಜಠರ, ಕರುಳುಗಳನ್ನೂ ಹೊರತೆಗೆಯುತ್ತಿದ್ದರು. ಅವಕ್ಕೆ ಹೋರಸ್ ದೇವತೆಯ ನಾಲ್ವರು ಮಕ್ಕಳನ್ನು ಕಾವಲಿಟ್ಟು ನಾಲ್ಕು ಭರಣಿಗಳಲ್ಲಿ ತುಂಬಿಡುತ್ತಿದ್ದರು. ಅಂದರೆ ಹೊರತೆಗೆಯುವುದೆಂದರೆ ಎಸೆಯುವುದು ಎಂಬ ಲೆಕ್ಕವೇ ಅಲ್ಲಿ ಇರಲಿಲ್ಲ. ನೀರಿನಂಶ ತುಂಬಿದ, ಮೆತ್ತಗಿನ ಮಿದುಳು ಸತ್ತ ಮೇಲೆ ಬೇಗನೆ ಕೊಳೆಯುತ್ತದೆ. ಶವವನ್ನು ಒಣಗಿಸುವ ಕಸುಬಿನವರಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ. ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ಮಿದುಳಿಗೆ ಭರಣಿ ಸಿಗಲಿಲ್ಲ, ಅದನ್ನು ಕಾಯುವ ದೇವತೆಯೂ ಇರಲಿಲ್ಲ. ಮೂತ್ರಪಿಂಡಕ್ಕೂ ಭರಣಿ ಇರಲಿಲ್ಲ ನಿಜ, ಆದರೂ ಮಿದುಳಿಗೆ ಮರಣೋತ್ತರ ವಿಧಿಯಲ್ಲಿ ಜಾಗವಿರಲಿಲ್ಲ ಎಂಬುದು ನಿಜವೇ. ವಿಧಿಯಲ್ಲಿ ಜಾಗವಿಲ್ಲದಿರುವುದೂ ಅದರ ಕೆಲಸ ಗೊತ್ತಿಲ್ಲದಿರುವುದೂ ಒಂದೇ ಎನ್ನಬಹುದೇ ಎಂಬುದಷ್ಟೇ ಈಗ ಉಳಿದ ಪ್ರಶ್ನೆ.

ಇದಕ್ಕೆ ಉತ್ತರ ಅಲ್ಲಿನ ವೈದ್ಯರ ಬಳಿ ಇದೆ. 1862ರಲ್ಲಿ ಲಕ್ಸರ್‌ನಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಒಂದು ಪಪೈರಸ್ ಸುರುಳಿ ಕೊಂಡ. ಅದು ಸುಮಾರು ಕ್ರಿ.ಪೂ. 1600ರಲ್ಲಿ, ಇನ್ನೂ ಹಳೆಯ ಮೂಲವೊಂದರಿಂದ ನಕಲಾದ ಪಠ್ಯ. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1930ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. 48 ಪ್ರಕರಣಗಳು ನೆತ್ತಿಯ ಗಾಯದಿಂದ ಹೊರಟು ಒಂದೊಂದಾಗಿ ಕೆಳಗಿಳಿಯುತ್ತವೆ. ಪ್ರತಿಯೊಂದರಲ್ಲೂ ಗಾಯಾಳುವನ್ನು ಹೇಗೆ ಮುಟ್ಟಿ ನೋಡಬೇಕು, ಕಂಡದ್ದನ್ನು ಏನೆಂದು ಗುರುತಿಸಬೇಕು ಎಂದು ಹೇಳಿ, ಕೊನೆಗೆ ಇದು ವಾಸಿಯಾಗುವಂಥದ್ದೋ, ಸೆಣಸಿ ನೋಡಬೇಕಾದದ್ದೋ, ಕೈಮೀರಿದ್ದೋ ಎಂದು ನಿರ್ಧರಿಸುತ್ತಾರೆ. ಇಡೀ ಸಾಲಿನಲ್ಲಿ ಮಂತ್ರ ಬರುವುದು ಒಂದೇ ಪ್ರಕರಣದಲ್ಲಿ.

ಆರನೆಯ ಪ್ರಕರಣದಲ್ಲಿ ಬುರುಡೆ ಒಡೆದು ಮಿದುಳು ಕಾಣುತ್ತಿದೆ. ಬರೆದವನು ಅದರ ಮಡಿಕೆಗಳನ್ನು ಕರಗಿದ ತಾಮ್ರದ ಮೇಲೆ ಮೂಡುವ ಸುಕ್ಕುಗಳಿಗೆ ಹೋಲಿಸುತ್ತಾನೆ. ಬೆರಳಿಟ್ಟಾಗ ಅದು ಹಸುಗೂಸಿನ ನೆತ್ತಿಯ ಮೆತ್ತನೆಯ ಜಾಗದ ಹಾಗೆ ಮಿಡಿಯುವುದನ್ನೂ ದಾಖಲಿಸುತ್ತಾನೆ. ಈ ವಿವರ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಜೀವಂತ ಮನುಷ್ಯನೊಬ್ಬನ ಮಿದುಳಿನ ಮೇಲೆ ಬೆರಳಿಟ್ಟು, ಗಾಬರಿಯಾಗದೆ ಅದರ ಮಿಡಿತವನ್ನು ಗಮನಿಸಿ, ಮುಂದೆ ಬರುವ ವೈದ್ಯನಿಗೆಂದು ಬರೆದಿಟ್ಟವನ ಕೈ ಅದು. ಎಂಟನೆಯ ಪ್ರಕರಣದಲ್ಲಿ ಹೊರಗೆ ಗಾಯ ಕಾಣುವುದಿಲ್ಲ, ಒಳಗೆ ಬುರುಡೆ ಒಡೆದಿದೆ. ಗಾಯಾಳು ಕಾಲೆಳೆದುಕೊಂಡು ನಡೆಯುತ್ತಾನೆ. ಇಪ್ಪತ್ತೆರಡನೆಯದರಲ್ಲಿ ಕಪಾಲದ ಪಕ್ಕ ಜಜ್ಜಿಹೋದವನು ಕರೆದರೆ ಮಾತಾಡುವುದಿಲ್ಲ. ಮೂವತ್ತೊಂದನೆಯದರಲ್ಲಿ ಕತ್ತಿನ ಮೂಳೆ ಜಾರಿದವನಿಗೆ ತನ್ನ ಕೈಕಾಲುಗಳ ಅರಿವೇ ಇಲ್ಲ.

ತಲೆಗೆ ಪೆಟ್ಟು ಬಿದ್ದರೆ ನಡಿಗೆ ಕೆಡುತ್ತದೆ, ಮಾತು ನಿಲ್ಲುತ್ತದೆ ಎಂದು ಹೀಗೆ ಬರೆದಿಟ್ಟ ಸಮಾಜಕ್ಕೆ ಮಿದುಳಿನ ಬಗ್ಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯ. ಯೋಚನೆ ಮಿದುಳಿನಲ್ಲಿ ನಡೆಯುತ್ತದೆ ಎಂಬ ಸಿದ್ಧಾಂತ ಆ ಸುರುಳಿಯಲ್ಲಿ ಇಲ್ಲ, ಇದೆಯೆಂದು ಹೇಳುವವರ ಜೊತೆ ನಾನು ಸೇರುವುದಿಲ್ಲ. ಅದರಲ್ಲಿರುವುದು ಗಮನಿಸಿದ ಸಂಗತಿಗಳು. ಅದೇ ಸುರುಳಿಯ ಹಿಂಬದಿಯಲ್ಲಿ ಸಾಂಕ್ರಾಮಿಕ ಪಿಡುಗು ತಟ್ಟದಿರಲೆಂದು ಹೇಳುವ ಮಂತ್ರಗಳಿವೆ. ಒಂದೇ ಹಾಳೆಯ ಎರಡು ಬದಿಗಳಲ್ಲಿ ಎರಡು ಬಗೆಯ ಕೆಲಸ ನಡೆದಿದೆ, ಬರೆಸಿದವನಿಗೆ ಎರಡೂ ಬೇಕಾಗಿತ್ತು. ಅವು ಒಂದೇ ಪ್ರಶ್ನೆಗೆ ಪೈಪೋಟಿಯಲ್ಲಿ ಕೊಟ್ಟ ಉತ್ತರಗಳೆಂದು ಓದಿದ ಕೂಡಲೇ ನಾವು ದಾರಿ ತಪ್ಪುತ್ತೇವೆ.

ಹಾಗಾದರೆ ಹೃದಯದ ಮಾತು? ಅದರ ಮಹತ್ವವನ್ನು ತಿಳಿಯಲು ಮರಣಾನಂತರದ ನ್ಯಾಯಸಭೆಯ ಚಿತ್ರಕ್ಕಿಂತ ಒಳ್ಳೆಯ ಆಕರವಿಲ್ಲ. ಸುಮಾರು ಕ್ರಿ.ಪೂ. 1250ರಲ್ಲಿ ಅನಿ ಎಂಬ ಲಿಪಿಕಾರನಿಗಾಗಿ ಸಿದ್ಧವಾದ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಸತ್ತವರ ಪುಸ್ತಕ’ದ ಪ್ರತಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ನಡುವೆ ತಕ್ಕಡಿ. ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಸತ್ಯ ಮತ್ತು ನ್ಯಾಯದ ದೇವತೆ ಮಾತ್‌ಳ ಗರಿ. ನರಿಮುಖದ ಅನೂಬಿಸ್ ಮುಳ್ಳನ್ನು ನೋಡುತ್ತಾನೆ, ಥೋತ್ ಬರೆದುಕೊಳ್ಳುತ್ತಾನೆ. ಹಿಂದೆ ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ ಕೂಡಿದ ಅಮ್ಮಿಟ್ ಕಾದಿದ್ದಾಳೆ. ಹೃದಯ ಸೋತರೆ ಅದು ಅವಳ ಪಾಲು. ಇವೆಲ್ಲ ಎಲ್ಲರೂ ಹೇಳುವ ವಿವರಗಳೇ. ಹೇಳದೆ ಬಿಡುವ ವಿವರವೆಂದರೆ, ಅನಿ ತಕ್ಕಡಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಾನೆ.

ಹೃದಯವೇ ಯೋಚಿಸುವ ಅಂಗ, ಹೃದಯವೇ ‘ನಾನು’ ಎಂದಾಗಿದ್ದರೆ, ಹೃದಯ ತಟ್ಟೆಯಲ್ಲಿರುವಾಗ ಪಕ್ಕದಲ್ಲಿ ನಿಂತು ಬೆವರುತ್ತಿರುವವನು ಯಾರು? ಆ ಪುಸ್ತಕದಲ್ಲಿ ಇಂದಿನ ವಿದ್ವಾಂಸರು 30ಬಿ ಎಂಬ ಸಂಖ್ಯೆ ಕೊಟ್ಟಿರುವ ಮಂತ್ರವೊಂದಿದೆ. ಸತ್ತವನು ತಾಯಿಯಿಂದ ಪಡೆದ ತನ್ನ ಹೃದಯವನ್ನೇ ಉದ್ದೇಶಿಸಿ, ನ್ಯಾಯಸಭೆಯಲ್ಲಿ ತನಗೆ ಪ್ರತಿಯಾಗಿ ಸಾಕ್ಷಿ ಹೇಳಬೇಡವೆಂದು ಬೇಡಿಕೊಳ್ಳುವ ಮಂತ್ರ ಅದು. ಯೋಚಿಸುವವನು ತನ್ನ ಯೋಚನೆಯ ಯಂತ್ರವನ್ನು ಹೀಗೆ ಬೇಡಿಕೊಳ್ಳುವುದಿಲ್ಲ. ಬೇಡಿಕೆ ಹೋಗುವುದು ಸಾಕ್ಷಿಯ ಬಳಿಗೆ. ಹುಟ್ಟಿನಿಂದ ಜೊತೆಗಿದ್ದು, ಮಾಡಿದ್ದೆಲ್ಲವನ್ನೂ ಕಂಡು, ಯಜಮಾನನ ಪರವಾಗಿ ಸುಳ್ಳು ಹೇಳಲು ತಾನಾಗಿ ಒಪ್ಪದ ಒಬ್ಬರು ನಮ್ಮೊಳಗೇ ಇದ್ದಾರೆ ಎಂಬ ನಂಬಿಕೆ ಅದು. ಅಂಥ ಸಾಕ್ಷಿ ಎಲ್ಲಿರಬೇಕು? ಹೆದರಿದಾಗ ನಮ್ಮ ಅಪ್ಪಣೆ ಕೇಳದೆ ಹೊಡೆದುಕೊಳ್ಳುವ, ಸುಳ್ಳಾಡುವಾಗ ನಮ್ಮನ್ನು ಬಯಲು ಮಾಡುವ ಅಂಗ ಒಂದೇ. ಸುಮಾರು ಕ್ರಿ.ಪೂ. 1550ರ ಎಬರ್ಸ್ ಪಪೈರಸ್‌ನಲ್ಲಿ ಹೃದಯದ ಮೇಲೊಂದು ಪ್ರಕರಣವೇ ಇದೆ. ತಲೆ, ಕೈ, ಕಾಲು ಎಲ್ಲಿ ಬೆರಳಿಟ್ಟರೂ ಅಲ್ಲಿಯ ನಾಳದಲ್ಲಿ ಹೃದಯವೇ ಮಾತಾಡುತ್ತದೆ ಎಂಬ ಭಾವದಲ್ಲಿ ಅದು ನಾಡಿಯನ್ನು ವಿವರಿಸುತ್ತದೆ. ಮೈಯ ಪ್ರತಿ ಭಾಗಕ್ಕೂ ತಲುಪಿ ಎಲ್ಲೆಡೆ ದನಿ ಕೊಡುವುದಕ್ಕಿಂತ ಬಲ್ಲ ಸಾಕ್ಷಿ ಬೇರೆ ಯಾವುದು?

ಆ ಸಭೆಯಲ್ಲಿ ಬುದ್ಧಿಯ ಪರೀಕ್ಷೆ ನಡೆಯುವುದಿಲ್ಲ. ನಲವತ್ತೆರಡು ದೇವತೆಗಳ ಮುಂದೆ ಸತ್ತವನು ಕಳವು, ಕೊಲೆ, ತೂಕದ ಮೋಸ, ಎಳೆಯ ಮಕ್ಕಳ ಹಾಲು ಕಸಿಯುವುದು, ಹರಿಯುವ ನೀರಿಗೆ ಅಡ್ಡಗಟ್ಟುವುದು ಇವುಗಳನ್ನು ತಾನು ಮಾಡಿಲ್ಲವೆಂದು ಹೇಳಿಕೊಳ್ಳಬೇಕು. ಪಟ್ಟಿಯ ಬಹುಪಾಲು ಹೊಲ, ಕಾಲುವೆ, ಅಂಗಡಿ, ದೇವಾಲಯಗಳಲ್ಲಿ ಮನುಷ್ಯ ಮನುಷ್ಯನಿಗೆ ಮಾಡುವ ಕೇಡಿನದು. ನೀರಾವರಿಯಿಂದ ಬದುಕುವ ನಾಡಿನಲ್ಲಿ ನೀರನ್ನು ತಡೆಹಿಡಿದವನನ್ನು ಸತ್ತ ಮೇಲೂ ಬಿಡುವುದಿಲ್ಲ ಎಂಬ ಈ ಬೆದರಿಕೆಯ ತೂಕ ಎಷ್ಟೆಂದು ಕಾವೇರಿ, ತುಂಗಭದ್ರೆಯ ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವರಿಗೆ ವಿವರಿಸಬೇಕಿಲ್ಲ.

ಈ ಧರ್ಮವನ್ನು ನಾನು ಹೊಗಳಲು ಹೊರಟಿಲ್ಲ. ಸಾಕ್ಷಿಯ ಬಾಯಿ ಮುಚ್ಚಿಸುವ ವ್ಯಾಪಾರವೂ ಅದೇ ಧರ್ಮದ ನೆರಳಲ್ಲಿ ಬೆಳೆಯಿತು. ಆ 30ಬಿ ಮಂತ್ರವನ್ನು ಜೀರುಂಡೆಯ ಆಕಾರದ ಕಲ್ಲಿನ ಮೇಲೆ ಕೊರೆಸಿ ಎದೆಯ ಮೇಲಿಡುತ್ತಿದ್ದರು. ಹದಿನೇಳನೆಯ ರಾಜವಂಶದ ಸೊಬೆಕೆಮ್ಸಾಫ್ ಅರಸನ ಹಸಿರು ಕಲ್ಲಿನ, ಚಿನ್ನದ ಕಟ್ಟಿನ ಜೀರುಂಡೆ ಇಂದಿಗೂ ಉಳಿದಿದೆ. ‘ಸತ್ತವರ ಪುಸ್ತಕ’ದ ಸುರುಳಿಗಳನ್ನು ಮೊದಲೇ ಬರೆದಿಟ್ಟು, ಕೊಳ್ಳುವವನ ಹೆಸರಿಗೆ ಖಾಲಿ ಜಾಗ ಬಿಡುತ್ತಿದ್ದರು, ಅನಿಯ ಸುರುಳಿಯಲ್ಲೂ ಹಲವೆಡೆ ಹೆಸರು ಬೇರೆ ಕೈಬರಹದಲ್ಲಿದೆ. ಹಣವಿದ್ದವನು ತನ್ನ ಆತ್ಮಸಾಕ್ಷಿಯ ವಿರುದ್ಧ ರಕ್ಷಣೆ ಕೊಳ್ಳಬಹುದಿತ್ತು. ಆ ಧರ್ಮವನ್ನು ಟೀಕಿಸಬೇಕಾದದ್ದು ಇಲ್ಲಿ. ಅದರ ಅಂಗರಚನಾಶಾಸ್ತ್ರದ ಮೇಲೆ ನಾವು ಹೊರಿಸುವ ಆಪಾದನೆ ಗುರಿ ತಪ್ಪಿದ ಬಾಣ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಸಾಕ್ಷ್ಯ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಇಪ್ಪತ್ತೈದನೆಯ ರಾಜವಂಶದ ಶಬಾಕ ಅರಸ ಸುಮಾರು ಕ್ರಿ.ಪೂ. 710ರಲ್ಲಿ ಹಾಕಿಸಿದ ಶಿಲಾಶಾಸನದಲ್ಲಿ, ಮೆಂಫಿಸ್‌ನ ದೇವತೆ ಪ್ತಾ ಜಗತ್ತನ್ನು ಹೃದಯದಲ್ಲಿ ಯೋಚಿಸಿ ನಾಲಗೆಯಿಂದ ಆಜ್ಞಾಪಿಸಿ ಸೃಷ್ಟಿಸುತ್ತಾನೆ. ಕಣ್ಣು ಕಂಡದ್ದನ್ನು, ಕಿವಿ ಕೇಳಿದ್ದನ್ನು, ಮೂಗು ಉಸಿರಾಡಿದ್ದನ್ನು ಹೃದಯಕ್ಕೆ ವರದಿ ಮಾಡುತ್ತವೆಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಇದು ನಮ್ಮ ನರಮಂಡಲದ ವಿವರಣೆಗೆ ಎಷ್ಟು ಹತ್ತಿರವೆಂದರೆ ಮಿದುಳಿನ ಜಾಗದಲ್ಲಿ ಹೃದಯ ಎಂಬ ತಪ್ಪೊಂದನ್ನು ಬಿಟ್ಟು ಉಳಿದೆಲ್ಲ ಸರಿ ಎನ್ನಿಸುತ್ತದೆ. ಆದರೆ ಶಾಸನ ಯಾರು ಹಾಕಿಸಿದ್ದು, ಎಲ್ಲಿ ಹಾಕಿಸಿದ್ದು ಎಂದು ನೋಡಿ. ನೂಬಿಯಾದಿಂದ ಬಂದು ಈಜಿಪ್ಟನ್ನು ಆಳುತ್ತಿದ್ದ ದೊರೆ, ಹಳೆಯ ರಾಜಧಾನಿಯ ದೇವಾಲಯದಲ್ಲಿ, ಹುಳು ತಿಂದ ಪುರಾತನ ಗ್ರಂಥವನ್ನು ಉಳಿಸುತ್ತಿದ್ದೇನೆಂದು ಹೇಳಿ ಕೆತ್ತಿಸಿದ್ದು. ಸುದ್ದಿ ತರುವ ದೂತರು, ನಡುವೆ ಕೂತು ತೀರ್ಮಾನಿಸುವ ಒಡೆಯ, ಹೊರಗೆ ಬಂದು ಡಂಗುರ ಸಾರುವ ನಾಲಗೆ: ಇದು ಅರಮನೆಯ ನಕ್ಷೆ. ದೇಹವನ್ನು ಅರಮನೆಯಾಗಿ ಕಂಡ ರಾಜಕೀಯ ದೇವತಾಶಾಸ್ತ್ರವಾಗಿ ಅದನ್ನು ಓದಿದರೆ ಪ್ರತಿ ಸಾಲೂ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಶರೀರಶಾಸ್ತ್ರವಾಗಿ ಓದಿದರೆ ಅರ್ಧ ಶಾಸನ ಕೈಯಿಂದ ಜಾರುತ್ತದೆ.

ಯಾವ ಅಂಗ ಆಳುತ್ತದೆ ಎಂಬ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿ ಅದರ ಮೇಲೆ ಶತಮಾನಗಟ್ಟಲೆ ವಾದ ಮಾಡಿದವರು ಗ್ರೀಕರು. ಅವರ ವಾದದ ಚರಿತ್ರೆಯನ್ನು ಬಲ್ಲವರು ‘ಧರ್ಮ ಹೃದಯವೆಂದಿತು, ವಿಜ್ಞಾನ ಮಿದುಳೆಂದಿತು’ ಎಂಬ ಸೂತ್ರವನ್ನು ಮತ್ತೆ ಹೇಳಲಾರರು. ಮಿದುಳಿನ ಪರ ನಿಂತ ಪ್ಲೇಟೋ ತನ್ನ ‘ಟಿಮಾಯಸ್’ನಲ್ಲಿ ಕೊಡುವ ಕಾರಣ ಏನು? ತಲೆ ದುಂಡಗಿದೆ, ವಿಶ್ವವೂ ದುಂಡಗಿದೆ, ಆದ್ದರಿಂದ ನಮ್ಮಲ್ಲಿರುವ ದೈವೀ ಅಂಶಕ್ಕೆ ತಲೆಯೇ ತಕ್ಕ ಮನೆ. ಇದು ಅಪ್ಪಟ ಧಾರ್ಮಿಕ ಕಾರಣ. ಹೃದಯದ ಪರ ನಿಂತ ಅರಿಸ್ಟಾಟಲ್ ಆ ಕಾಲದ ಅತಿ ದೊಡ್ಡ ಜೀವವಿಜ್ಞಾನಿ. ಅವನು ಕೋಳಿಮೊಟ್ಟೆಗಳನ್ನು ಒಡೆದು ನೋಡಿ, ಮೊದಲು ಮಿಡಿಯಲು ತೊಡಗುವುದು ಹೃದಯದ ಕೆಂಪು ಚುಕ್ಕೆ ಎಂದು ಕಂಡುಕೊಂಡವನು. ಬಯಲಾದ ಮಿದುಳನ್ನು ಮುಟ್ಟಿದರೆ ನೋವಾಗುವುದಿಲ್ಲವೆಂಬುದನ್ನೂ ಗಮನಿಸಿದವನು. ಎರಡೂ ಸರಿಯಾದ ಅವಲೋಕನಗಳೇ. ಸರಿಯಾದ ಅವಲೋಕನಗಳಿಂದ ಅವನು ತಪ್ಪು ಅಂಗಕ್ಕೆ ಬಂದ. ಪ್ಲೇಟೋ ಆಕಾಶವನ್ನು ನೋಡಿ ಸರಿಯಾದ ಅಂಗಕ್ಕೆ ಬಂದ. ಸುಮಾರು ಕ್ರಿ.ಪೂ. 400ರ ಹಿಪೊಕ್ರಾಟಿಸ್ ಪರಂಪರೆಯ ‘ಪವಿತ್ರ ರೋಗ’ ಎಂಬ ಗ್ರಂಥ ಮೂರ್ಛೆರೋಗ ದೇವರ ಶಾಪವಲ್ಲ, ಮಿದುಳಿನ ಕಾಯಿಲೆ ಎಂದು ಧೈರ್ಯವಾಗಿ ಹೇಳುತ್ತದೆ, ಅದಕ್ಕೆ ನನ್ನ ಗೌರವವಿದೆ. ಆದರೆ ಮಿದುಳು ಯೋಚಿಸುವುದೇಕೆ ಎಂದರೆ ಉಸಿರಿನ ಗಾಳಿ ಮೊದಲು ಅಲ್ಲಿಗೆ ಹೋಗುತ್ತದೆ, ಬುದ್ಧಿಯನ್ನು ತರುವುದು ಗಾಳಿಯೇ ಎನ್ನುತ್ತದೆ ಅದೇ ಗ್ರಂಥ.

ಜಗಳ ತೀರಿದ್ದು ಕ್ರಿ.ಶ. 2ನೇ ಶತಮಾನದಲ್ಲಿ, ರೋಮಿನಲ್ಲಿ. ವೈದ್ಯ ಗೇಲನ್ ಹಂದಿಯೊಂದನ್ನು ಕಟ್ಟಿಹಾಕಿ, ಜನ ನೋಡುತ್ತಿರುವಂತೆಯೇ ಅದರ ಕುತ್ತಿಗೆಯ ಸಣ್ಣ ನರಗಳನ್ನು ಕೊಯ್ದ. ಕಿರುಚುತ್ತಿದ್ದ ಹಂದಿಯ ದನಿ ನಿಂತುಹೋಯಿತು. ದನಿ ಎದೆಯಿಂದ ಬರುವುದರಿಂದ ಮನಸ್ಸೂ ಎದೆಯಲ್ಲೇ ಇರಬೇಕೆಂದು ವಾದಿಸುತ್ತಿದ್ದವರಿಗೆ ಅದು ಉತ್ತರ. ಹಾಗೆ ವಾದಿಸಿದವನು ಪೂಜಾರಿಯೇನೂ ಅಲ್ಲ, ಗೇಲನ್‌ಗಿಂತ ನಾಲ್ಕು ಶತಮಾನ ಹಿಂದಿನ ಸ್ಟೋಯಿಕ್ ತತ್ತ್ವಜ್ಞಾನಿ ಕ್ರಿಸಿಪಸ್. ಗೇಲನ್ ಗೆದ್ದ, ಗೆಲ್ಲಬೇಕಾದವನೇ ಗೆದ್ದ. ಆದರೆ ಗ್ರೀಕ್ ತತ್ತ್ವಜ್ಞಾನಿಗಳು ತಮ್ಮೊಳಗೆ ಬರೆದುಕೊಂಡ ಈ ಪ್ರಶ್ನೆಪತ್ರಿಕೆಯನ್ನು ಅವರಿಗಿಂತ ಸಾವಿರ ವರ್ಷ ಹಿಂದಿನ ಈಜಿಪ್ಟಿನವರ ಮುಂದಿಟ್ಟು, ನಪಾಸಾದರೆಂದು ಇಂದಿಗೂ ಹೇಳುತ್ತಿದ್ದೇವೆ. ಈಜಿಪ್ಟಿನ ನೆಲದಲ್ಲೇ, ಅಲೆಕ್ಸಾಂಡ್ರಿಯಾದಲ್ಲಿ, ಸುಮಾರು ಕ್ರಿ.ಪೂ. 300ರ ಹೊತ್ತಿಗೆ ಹೆರೊಫಿಲಸ್ ಮನುಷ್ಯರ ಶವ ಕೊಯ್ದು ನರಗಳನ್ನೂ ಮಿದುಳಿನ ಕುಹರಗಳನ್ನೂ ವಿವರಿಸಿದ. ಆಗ ಈಜಿಪ್ಟನ್ನು ಆಳುತ್ತಿದ್ದ ಟಾಲೆಮಿ ಅರಸರ ಕಾಲದಲ್ಲೇ ದಕ್ಷಿಣದ ದೇರ್ ಎಲ್ ಮದೀನಾದಲ್ಲಿ ಹೊಸ ಗುಡಿ ಕಟ್ಟಿ, ಗೋಡೆಯ ಮೇಲೆ ಹೃದಯ ತೂಗುವ ದೃಶ್ಯವನ್ನು ಕೆತ್ತಿದರು. ನರಗಳ ಶೋಧ ತಕ್ಕಡಿಯನ್ನು ಅಲುಗಿಸಲಿಲ್ಲ. ರೋಮನ್ನರ ಕಾಲದಲ್ಲೂ ಆ ಚಿತ್ರ ಬರೆಯುತ್ತಲೇ ಇದ್ದರು.

ನೆರೆಹೊರೆಯ ಧರ್ಮಗಳಲ್ಲೂ ಇದೇ ಕಾಣುತ್ತದೆ. ಮೆಸಪೊಟೇಮಿಯಾದಲ್ಲಿ ಕುರಿಯ ಪಿತ್ತಜನಕಾಂಗ ಸೂರ್ಯದೇವ ಶಮಾಶ್ ಬರೆಯುವ ಹಲಗೆ. ಅರಸ ಯುದ್ಧಕ್ಕೆ ಹೊರಡುವ ಮುನ್ನ ಅದನ್ನು ಓದಿಸುತ್ತಿದ್ದ. ಓದುವವರು ಕಲಿಯಲೆಂದು ಮಾಡಿದ ಮಣ್ಣಿನ ಮಾದರಿಗಳು ಮಾರಿ ಪಟ್ಟಣದ ಅವಶೇಷಗಳಲ್ಲಿ ಸಿಕ್ಕಿವೆ. ಹೀಬ್ರೂ ಬೈಬಲಿನಲ್ಲಿ ದೇವರು ಮತ್ತೆ ಮತ್ತೆ ಹೃದಯವನ್ನೂ ಮೂತ್ರಪಿಂಡಗಳನ್ನೂ ಪರೀಕ್ಷಿಸುತ್ತಾನೆ. ಬಲಿಪಶುವನ್ನು ಕೊಯ್ದು ಬಲ್ಲ ಜನಕ್ಕೆ ಮೂತ್ರಪಿಂಡ ಎಲ್ಲಿರುತ್ತದೆಂದು ಗೊತ್ತಿತ್ತು: ಬೆನ್ನಿನ ಕಡೆ, ಕೊಬ್ಬಿನಲ್ಲಿ ಹುದುಗಿ, ಕಟ್ಟಕಡೆಗೆ ಕೈಗೆ ಸಿಗುವಂತೆ. ಅಷ್ಟು ಒಳಗೆ ಬಚ್ಚಿಟ್ಟದ್ದೂ ದೇವರ ಕಣ್ಣಿಗೆ ಬೀಳುತ್ತದೆ ಎನ್ನಲು ಅದಕ್ಕಿಂತ ತಕ್ಕ ಅಂಗ ಬೇರೆ ಇಲ್ಲ. ಎರಡೂ ಕಡೆ ವಿಷಯ ಒಂದೇ: ಮೈಯೊಳಗಿನದನ್ನು ಯಾರೋ ಓದುತ್ತಾರೆ, ಅಲ್ಲಿರುವುದಕ್ಕೆ ಲೆಕ್ಕ ಕೊಡಬೇಕು.

ನಮ್ಮಲ್ಲಿ ಇನ್ನೊಂದು ಅಭಿಪ್ರಾಯವೂ ಅಷ್ಟೇ ಗಟ್ಟಿಯಾಗಿ ಬೇರೂರಿದೆ. ಅದು ಅಣಕಿಸುವುದಿಲ್ಲ, ಹೆಮ್ಮೆಪಡುತ್ತದೆ. ಹೃದಯದಲ್ಲೂ ನರಕೋಶಗಳಿವೆಯೆಂದು ಈಗ ವಿಜ್ಞಾನ ಕಂಡುಕೊಂಡಿದೆ, ನಮ್ಮ ಋಷಿಗಳು ಅದನ್ನು ಎಂದೋ ಹೇಳಿದ್ದರು ಎಂಬ ಮಾತು ಭಾಷಣಗಳಲ್ಲೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಓಡಾಡುತ್ತಿದೆ. ಹೃದಯದಲ್ಲಿ ಸುಮಾರು 40,000 ನರಕೋಶಗಳಿವೆ ಎಂಬುದು ನಿಜ. ಮಿದುಳಿನಲ್ಲಿ ಸುಮಾರು 8,600 ಕೋಟಿ ಇವೆ. ಹೃದಯದ ನರಕೋಶಗಳು ಬಡಿತದ ಲಯವನ್ನು ನೋಡಿಕೊಳ್ಳುತ್ತವೆ. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಬೇರೊಬ್ಬರ ಹೃದಯವನ್ನು ಲೂಯಿಸ್ ವಾಶ್ಕಾನ್‌ಸ್ಕಿಯ ಎದೆಯಲ್ಲಿಟ್ಟಾಗ, ಎಚ್ಚೆತ್ತು ಮಾತಾಡಿದವನು ಅದೇ ವಾಶ್ಕಾನ್‌ಸ್ಕಿ. ಹದಿನೆಂಟು ದಿನ ಬದುಕಿದ, ಅವನಾಗಿಯೇ ಬದುಕಿದ. ಯೋಚನೆಯ ಅಂಗ ಯಾವುದೆಂಬ ಪ್ರಶ್ನೆಗೆ ಉತ್ತರ ಮಿದುಳು. ಅದನ್ನು ಮಸುಕುಗೊಳಿಸುವ ಯಾವ ಹೆಮ್ಮೆಯೂ ನನಗೆ ಬೇಡ.

ಇಷ್ಟಕ್ಕೂ ಆ ಹೆಮ್ಮೆ ತಾನು ಹೊಗಳುವ ಗ್ರಂಥಗಳನ್ನೇ ಓದಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ದೇಹ, ಇಂದ್ರಿಯ, ವಿಜ್ಞಾನ, ಆತ್ಮ, ಚಿತ್ತ ಎಲ್ಲವೂ ಹೃದಯವನ್ನು ಆಶ್ರಯಿಸಿವೆ. ಅದೇ ಸ್ಥಾನದ ಹದಿನೇಳನೆಯ ಅಧ್ಯಾಯದಲ್ಲಿ ಪ್ರಾಣಗಳೂ ಇಂದ್ರಿಯಗಳೂ ತಲೆಯನ್ನು ಆಶ್ರಯಿಸಿವೆ, ಅದಕ್ಕೇ ಅದು ಉತ್ತಮಾಂಗ. ತಂಜಾವೂರಿನಲ್ಲಿ ಉಳಿದಿದ್ದ ಒಂದೇ ಹಸ್ತಪ್ರತಿಯಿಂದ 1921ರಲ್ಲಿ ಅಚ್ಚಾದ ಭೇಲ ಸಂಹಿತೆ, ಮನಸ್ಸು ತಲೆಗೂ ಅಂಗುಳಕ್ಕೂ ನಡುವೆ ಇದೆಯೆನ್ನುತ್ತದೆ, ಚಿತ್ತವನ್ನು ಹೃದಯದಲ್ಲಿಡುತ್ತದೆ. ಅದೂ ಉನ್ಮಾದದ ಚಿಕಿತ್ಸೆಯ ಸಂದರ್ಭದಲ್ಲಿ, ರೋಗಿಯನ್ನು ಮುಂದಿಟ್ಟುಕೊಂಡು. ಆಯುರ್ವೇದದ ಆಚಾರ್ಯರು ಹೃದಯದ ವಕೀಲರಾಗಿರಲಿಲ್ಲ. ಅವರಿಗೆ ಎರಡೂ ಮರ್ಮಗಳೇ, ಎಲ್ಲಿ ಪೆಟ್ಟು ಬಿದ್ದರೂ ಮನುಷ್ಯ ಉಳಿಯಲಾರ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಯಾಜ್ಞವಲ್ಕ್ಯನನ್ನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾನೆ. ರೂಪ ಯಾವುದರಲ್ಲಿ ನೆಲೆಸಿದೆ, ಶ್ರದ್ಧೆ ಯಾವುದರಲ್ಲಿ, ಸತ್ಯ ಯಾವುದರಲ್ಲಿ, ಮಾತು ಯಾವುದರಲ್ಲಿ? ಎಲ್ಲವೂ ಕೊನೆಗೆ ಹೃದಯಕ್ಕೇ ಬಂದು ನಿಲ್ಲುತ್ತವೆ. ಹೃದಯ ಯಾವುದರಲ್ಲಿ ನೆಲೆಸಿದೆ ಎಂದು ಶಾಕಲ್ಯ ಮತ್ತೂ ಕೇಳಿದಾಗ ಯಾಜ್ಞವಲ್ಕ್ಯ ಸಿಡುಕುತ್ತಾನೆ: ಅದು ನಮ್ಮನ್ನು ಬಿಟ್ಟು ಬೇರೆಲ್ಲೋ ಇರುವ ವಸ್ತುವೆಂದು ತಿಳಿದೆಯಾ, ಹಾಗಿದ್ದಿದ್ದರೆ ನಾಯಿಗಳು ತಿಂದಿರುತ್ತಿದ್ದವು. ಹೃದಯವನ್ನು ಎತ್ತಿ ತೋರಿಸಬಹುದಾದ ಮಾಂಸದ ಮುದ್ದೆಯಾಗಿ ಕಾಣುವವನಿಗೆ ಆ ಋಷಿ ಕೊಟ್ಟ ಉತ್ತರ ಇದು. ನರಕೋಶಗಳ ಎಣಿಕೆಯಿಂದ ಅವನನ್ನು ಸಮರ್ಥಿಸಹೊರಟವರು ಅವನು ಗದರಿದ ಜಾಗದಲ್ಲೇ ನಿಂತಿದ್ದಾರೆ. ಅಣಕಿಸುವವರೂ ಹೆಮ್ಮೆಪಡುವವರೂ ಧರ್ಮಗ್ರಂಥವನ್ನು ಶರೀರದ ನಕ್ಷೆಯಾಗಿ ಓದುವುದರಲ್ಲಿ ಒಂದಾಗಿದ್ದಾರೆ. ಒಬ್ಬರು ಸೊನ್ನೆ ಹಾಕುತ್ತಾರೆ, ಇನ್ನೊಬ್ಬರು ನೂರಕ್ಕೆ ನೂರು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಹಳೆಯ ಕಾಲದ ಮೇಲಿನ ಅಭಿಮಾನವೊಂದೇ ಅಲ್ಲ. ಈ ತಪ್ಪು ಓದು ಇಂದಿಗೂ ಕೇಡು ಮಾಡುತ್ತಿರುವ ಒಂದು ಜಾಗ ತೀವ್ರ ನಿಗಾ ಘಟಕ. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡದ ಸಾವನ್ನು ಸಾವೆಂದು ಒಪ್ಪಿದೆ. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಹಿ ಹಾಕಬೇಕು. ಕರ್ನಾಟಕದಲ್ಲಿ ಅಂಗಾಂಗ ದಾನವನ್ನು ಸಂಯೋಜಿಸುವ ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅವರ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿದ್ದನ್ನು ನಾಡೆಲ್ಲ ಗೌರವದಿಂದ ನೆನೆಯುತ್ತದೆ. ಒಪ್ಪದ ಕುಟುಂಬಗಳೂ ಬಹಳ. ಅವರ ಬಗ್ಗೆ ಕೇಳಿಬರುವ ವಿವರಣೆ ಒಂದೇ: ಎದೆ ಬಡಿಯುತ್ತಿದ್ದರೆ ಜೀವ ಇದೆಯೆಂದು ನಂಬುವ ಮೂಢನಂಬಿಕೆ, ತಿಳಿವಳಿಕೆಯ ಕೊರತೆ. ಆ ವಿವರಣೆ ಈ ಲೇಖನದ ಮೊದಲ ಸಾಲುಗಳಲ್ಲಿರುವ ತೀರ್ಪಿನ ಸಂತಾನವೇ. ಜಪಾನ್ ತಿಳಿವಳಿಕೆ ಇಲ್ಲದ ದೇಶವೇನೂ ಅಲ್ಲ. 1968ರಲ್ಲಿ ಸಪ್ಪೊರೊದಲ್ಲಿ ನಡೆದ ಆ ದೇಶದ ಮೊದಲ ಹೃದಯ ಕಸಿಯಲ್ಲಿ ದಾನಿ ನಿಜವಾಗಿ ಸತ್ತಿದ್ದನೇ ಎಂಬ ಅನುಮಾನ ಎದ್ದಮೇಲೆ, ಮಿದುಳು ಸತ್ತವರಿಂದ ಅಂಗ ಪಡೆಯಲು ಕಾನೂನು ಬರುವುದಕ್ಕೆ ಅಲ್ಲಿ 1997ರವರೆಗೆ ಕಾಯಬೇಕಾಯಿತು. ಅಲ್ಲಿ ಕೊರತೆಯಾದದ್ದು ನಂಬಿಕೆ; ವೈದ್ಯರ ಮೇಲಿನ ನಂಬಿಕೆ.

“ಎದೆ ಬಡ್ಕೊಳ್ತಾ ಇದೆಯಲ್ಲ ಡಾಕ್ಟ್ರೇ” ಎನ್ನುವ ತಾಯಿಗೆ ಮಿದುಳು ಯೋಚಿಸುವ ಅಂಗವೆಂದು ಗೊತ್ತಿಲ್ಲವೆಂದು ತಿಳಿಯುವುದು ಅವಳಿಗೆ ಮಾಡುವ ಅವಮಾನ. ಅವಳು ಕೇಳುತ್ತಿರುವುದರಲ್ಲಿ ಎರಡು ಪ್ರಶ್ನೆಗಳು ಕೂಡಿಕೊಂಡಿವೆ. ಮಗ ಮತ್ತೆ ಕಣ್ಣು ಬಿಡುತ್ತಾನೆಯೇ ಎಂಬುದು ಒಂದು. ಅವನನ್ನು ನಾವು ಅರ್ಧದಲ್ಲಿ ಕೈಬಿಟ್ಟಂತಾಗುತ್ತದೆಯೇ, ನಾಳೆ ನಮ್ಮ ಒಳಗಿನ ಸಾಕ್ಷಿ ಏನು ಹೇಳುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪರೀಕ್ಷೆಯ ಕಾಗದದಲ್ಲಿ ಖಚಿತ ಉತ್ತರವಿದೆ, ಅದನ್ನು ಮೆದುವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಬೇಕು. ಎರಡನೆಯದನ್ನು ಕೇಳುತ್ತಿರುವವಳಿಗೆ ಅದೇ ಕಾಗದವನ್ನು ಮತ್ತೆ ಮತ್ತೆ ತೋರಿಸುವುದನ್ನು ಬಿಟ್ಟು, ವೈದ್ಯರೂ ಕಸಿ ಸಂಯೋಜಕರೂ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು, ಅಪಘಾತವಾದ ಗಳಿಗೆಯಿಂದ ಈವರೆಗೆ ಆಸ್ಪತ್ರೆ ಏನೇನು ಮಾಡಿತು, ಮನೆಯವರು ಏನೇನು ಮಾಡಿದರು, ಮಾಡದೆ ಉಳಿದದ್ದು ಏನಾದರೂ ಇದೆಯೇ ಎಂದು ಒಂದೊಂದಾಗಿ ಹೇಳಬೇಕು. ಒಪ್ಪಿಗೆಯ ಕಾಗದ ಆಮೇಲೆ ಬರಲಿ.